ಪಡಸಾಲೆಯಿಂದ ಅಡುಗೆಮನೆಗೆ

(ನಾನು ಪದವಿ ಓದಿದ ಧಾರವಾಡದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಗುರುಗಳಿಗೆ, ಹಿರಿಯರಿಗೆ, ಪ್ರೀತಿಯ ವಿದ್ಯಾರ್ಥಿಗಳಿಗೆ ನಮಸ್ಕಾರ.

ನಾನು ಇಲ್ಲಿ ಓದುವಾಗ ಈ ಸಭಾಂಗಣದ ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಇಂದು ಆ ಜಾಗದಲ್ಲಿ ಕುಳಿತಿರುವವರನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ. ಜರ್ಮನಿಯಲ್ಲಿ ಎರಡು ವರ್ಷ ಸ್ನಾತಕೋತ್ತರ ಪದವಿ ಓದಿದ ಅನುಭವವನ್ನು ಹೇಳಬೇಕೆಂದು ಗುರುಗಳು ಕರೆದಿದ್ದಾರೆ. ಒಳಗೆ ಬರುವಾಗಲೇ ಮೂವರು ನನ್ನನ್ನು ತಡೆದು ಒಂದೇ ಪ್ರಶ್ನೆ ಕೇಳಿದರು: ‘ಎಷ್ಟು ಖರ್ಚಾಗುತ್ತದೆ ಅಕ್ಕಾ?’ ಅದನ್ನು ಮೊದಲು ಮುಗಿಸಿಬಿಡುತ್ತೇನೆ. ಆ ಲೆಕ್ಕ ತಲೆಯಲ್ಲಿ ಕುಳಿತಿದ್ದರೆ ನನ್ನ ಉಳಿದ ಮಾತು ನಿಮ್ಮ ಕಿವಿಗೆ ಬೀಳುವುದಿಲ್ಲ.

ಜರ್ಮನಿಯ ಬಹುಪಾಲು ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ನಾನು ಹೋದದ್ದು ಬಾಡೆನ್-ವುರ್ಟೆಂಬರ್ಗ್ ರಾಜ್ಯಕ್ಕೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರು ಅಲ್ಲಿ ಒಂದು ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು. 2017ರ ಚಳಿಗಾಲದ ಸೆಮಿಸ್ಟರಿನಿಂದ ಈ ನಿಯಮವಿದೆ. ಇದಕ್ಕಿಂತ ದೊಡ್ಡ ಗಂಟೆಂದರೆ ವೀಸಾ ಕೇಳುವ ಮೊದಲೇ ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ ಮಾಡಿದ ಖಾತೆಯಲ್ಲಿ ಇಡಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟೆಂದು ಅದು ನಮ್ಮ ಕೈಗೆ ಬರುತ್ತದೆ. ನಾನು ಹೋದ 2022ರಲ್ಲಿ ಆ ಮೊತ್ತ 10,332 ಯೂರೋ ಇತ್ತು. 2024ರ ಸೆಪ್ಟೆಂಬರಿನಿಂದ 11,904 ಯೂರೋ ಆಯಿತು. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಕೊನೆಯ ಗಳಿಗೆಗೆ ಬಿಡಬೇಡಿ. ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಎಂಟು ಲಕ್ಷಕ್ಕೂ ಮೀರಿದ ಹಣವನ್ನು ಒಮ್ಮೆಗೇ ಕಂಡ ಮನೆಯಲ್ಲ ನಮ್ಮದು. ಬ್ಯಾಂಕಿನ ಸಾಲ, ಅವ್ವನ ಎರಡು ಬಳೆ, ಸೋದರಮಾವ ಕೊಟ್ಟ ಕೈಗಡ, ಇವೆಲ್ಲ ಸೇರಿ ಆ ಖಾತೆ ತುಂಬಿತು. ಸಾಲ ಇನ್ನೂ ತೀರಿಲ್ಲ. ಹೋಗುವವರು ಇದನ್ನು ತಿಳಿದೇ ಹೋಗಬೇಕು.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ನಮ್ಮ ಕಡೆಯ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಹೊರಗೆ ಕಟ್ಟೆ, ದಾಟಿದರೆ ಪಡಸಾಲೆ, ಅದರ ಒಳಗೆ ನಡುಮನೆ, ಕಟ್ಟಕಡೆಗೆ ಅಡುಗೆಮನೆ. ಬಂದವರಿಗೆಲ್ಲ ಪಡಸಾಲೆಯಲ್ಲಿ ಚಾಪೆ ಹಾಸುತ್ತೇವೆ, ನೀರು ಬೆಲ್ಲ ಕೊಡುತ್ತೇವೆ, ನಗುತ್ತ ಮಾತನಾಡಿಸುತ್ತೇವೆ. ಆದರೆ ಅಡುಗೆಮನೆಯ ತನಕ ಬರುವವರು ಬೇರೆಯೇ. ಪರದೇಶದಲ್ಲಿ ಓದುವುದೂ ಹಾಗೆಯೇ. ಪಡಸಾಲೆಯಲ್ಲೇ ಎರಡು ವರ್ಷ ಕುಳಿತು, ಒಳ್ಳೆಯ ಅಂಕ ತೆಗೆದು, ಒಳ್ಳೆಯ ಕೆಲಸವನ್ನೂ ಹಿಡಿಯಬಹುದು. ನನ್ನ ಮೊದಲ ಐದು ತಿಂಗಳು ಹಾಗೆಯೇ ಕಳೆದವು. ಆ ಐದು ತಿಂಗಳ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ನಾನು ಓದಿದ ಊರು ಟ್ಯೂಬಿಂಗನ್. ನೆಕ್ಕರ್ ನದಿಯ ದಂಡೆಯ ಊರು. ಜನಸಂಖ್ಯೆ ಸುಮಾರು ತೊಂಬತ್ತು ಸಾವಿರ, ಅದರ ಕಾಲು ಭಾಗಕ್ಕಿಂತ ಹೆಚ್ಚು ವಿದ್ಯಾರ್ಥಿಗಳೇ ಇದ್ದಾರೆ. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ನಮ್ಮಲ್ಲಿ ಆಗ ವಿಜಯನಗರದ ಅರಸರ ಕಾಲ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಅಲ್ಲಿ ಓದಿದವನು. ತತ್ವಜ್ಞಾನಿ ಹೆಗೆಲ್ ಕೂಡ. ಊರು ಏರಿಳಿತದ್ದು, ಬೀದಿಗಳಿಗೆ ಉರುಟುಗಲ್ಲು ಹಾಸಿದ್ದಾರೆ. ನೆಟ್ಟಗೆ ನಿಲ್ಲಲಾರದೆ ಒಂದಕ್ಕೊಂದು ಹೆಗಲು ಕೊಟ್ಟಂತೆ ಮರದ ಚೌಕಟ್ಟಿನ ಮನೆಗಳು. ಬೇಸಿಗೆಯಲ್ಲಿ ನದಿಯ ಮೇಲೆ ಉದ್ದನೆಯ ದೋಣಿಗಳಲ್ಲಿ ನಿಂತು ಜಲ್ಲೆ ಊರುತ್ತ ಸಾಗುವವರನ್ನು ನೋಡಲು ಸೇತುವೆಯ ಮೇಲೆ ಜನ ಸೇರುತ್ತಾರೆ.

ಮೊದಲ ತರಗತಿಯ ದಿನ ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿತ್ತು. ಜರ್ಮನರು ಸಮಯಕ್ಕೆ ಕಟ್ಟುಬಿದ್ದವರೆಂದು ಕೇಳಿದ್ದ ನಾನು ಒಂಬತ್ತೂ ಮುಕ್ಕಾಲಿಗೇ ಹೋಗಿ ಕುಳಿತೆ. ಹತ್ತಾಯಿತು, ಕೋಣೆಯಲ್ಲಿ ನಾನೊಬ್ಬಳೇ. ಕೋಣೆ ತಪ್ಪಿದೆನೋ ಎಂಬ ಭಯದಲ್ಲಿ ಕಾಗದವನ್ನು ಹತ್ತು ಸಲ ನೋಡಿದೆ. ಹತ್ತೂ ಹತ್ತಕ್ಕೆ ಒಬ್ಬೊಬ್ಬರಾಗಿ ಬಂದರು, ಸರಿಯಾಗಿ ಹತ್ತೂ ಕಾಲಿಗೆ ಪ್ರಾಧ್ಯಾಪಕರು ಬಂದರು. ಹತ್ತು ಎಂಬ ಅಂಕೆಯ ಮುಂದೆ ‘ಸಿ.ಟಿ.’ ಎಂಬ ಎರಡು ಅಕ್ಷರಗಳಿದ್ದವು. ‘ಕುಮ್ ಟೆಂಪೊರೆ’ ಎಂಬ ಲ್ಯಾಟಿನ್ ಮಾತಿನ ಸಂಕ್ಷೇಪ ಅದು. ಹೇಳಿದ ಗಂಟೆಗೆ ಹದಿನೈದು ನಿಮಿಷ ಕೂಡಿಸಿಕೊಳ್ಳಬೇಕು ಎಂದು ಅದರ ಅರ್ಥ. ಪಾಠ ಮುಗಿದಾಗ ಇನ್ನೊಂದು ಅಚ್ಚರಿ. ಎಲ್ಲರೂ ಬೆರಳ ಗೆಣ್ಣುಗಳಿಂದ ಮೇಜನ್ನು ಟಕಟಕ ಎಂದು ಬಡಿದರು. ಯಾರ ಮೇಲೋ ಸಿಟ್ಟಾಗಿದ್ದಾರೆ ಎಂದುಕೊಂಡು ನನ್ನ ಎದೆ ಹೊಡೆದುಕೊಂಡಿತು. ಅಲ್ಲಿ ಪಾಠಕ್ಕೆ ಚಪ್ಪಾಳೆ ತಟ್ಟುವುದಿಲ್ಲ, ಹೀಗೆ ಮೇಜು ಬಡಿದು ಗೌರವ ತೋರಿಸುತ್ತಾರೆ. ಎರಡನೆಯ ವಾರ ನಾನೂ ಬಡಿದೆ. ಆ ಗಟ್ಟಿ ಮರದ ಸದ್ದು ಇನ್ನೂ ಬೆರಳಲ್ಲಿದೆ.

ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಎಷ್ಟು ಜನರಿದ್ದೀರಿ? ಕೈ ಎತ್ತಿ. ನಿಮಗಾಗಿ ಒಂದು ಜಾಗದ ಬಗ್ಗೆ ಹೇಳುತ್ತೇನೆ. ಟ್ಯೂಬಿಂಗನ್ನಿನ ಗುಡ್ಡದ ಮೇಲೆ ಹಳೆಯ ಅರಮನೆ ಕೋಟೆಯೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಶ್ವವಿದ್ಯಾಲಯದವರು ಅದರ ಅಡುಗೆಮನೆಯನ್ನು ಪ್ರಯೋಗಾಲಯ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ಸ್ವಿಟ್ಜರ್ಲೆಂಡಿನ ಯುವಕ ಅಲ್ಲಿ ಕೆಲಸ ಮಾಡುತ್ತಿದ್ದ. ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟಿ ಬಿಚ್ಚಿದ ಬಟ್ಟೆಪಟ್ಟಿಗಳನ್ನು ತರಿಸಿಕೊಂಡು, ಅವಕ್ಕೆ ಅಂಟಿದ ಕೀವನ್ನು ತೊಳೆದು ತೆಗೆದು, ಅದರಲ್ಲಿನ ಬಿಳಿ ರಕ್ತಕಣಗಳ ನ್ಯೂಕ್ಲಿಯಸ್‌ನಿಂದ ಅದುವರೆಗೆ ಯಾರೂ ಕಾಣದಿದ್ದ ವಸ್ತುವೊಂದನ್ನು ಬೇರ್ಪಡಿಸಿದ. ಪ್ರೋಟೀನಿನ ಹಾಗೆ ಅದು ವರ್ತಿಸಲಿಲ್ಲ, ಅದರಲ್ಲಿ ರಂಜಕ ಹೆಚ್ಚಿತ್ತು. ನ್ಯೂಕ್ಲೀನ್ ಎಂದು ಹೆಸರಿಟ್ಟ. ನಾವು ಇಂದು ಡಿಎನ್‌ಎ ಎನ್ನುವುದು ಅದನ್ನೇ. ಅವನಿಗೆ ಆಗ ಇಪ್ಪತ್ತೈದರ ಹತ್ತಿರದ ವಯಸ್ಸು, ನಿಮಗಿಂತ ನಾಲ್ಕೈದು ವರ್ಷ ದೊಡ್ಡವನು. ಈಗ ಅಲ್ಲಿ ಚಿಕ್ಕ ವಸ್ತುಸಂಗ್ರಹಾಲಯವಿದೆ. ದಪ್ಪ ಗೋಡೆ, ಕಮಾನಿನ ಚಾವಣಿ, ಕಡಿಮೆ ಬೆಳಕು. ತಣ್ಣಗಿದ್ದಷ್ಟೂ ಆ ವಸ್ತು ಕೆಡದೆ ಉಳಿಯುತ್ತಿತ್ತು, ಆದ್ದರಿಂದ ಆ ಅಡುಗೆಮನೆಯ ಚಳಿಯೇ ಅವನಿಗೆ ಒದಗಿಬಂತು. ಈ ಕಾಲೇಜಿನ ಪ್ರಯೋಗಾಲಯದಲ್ಲಿ ಈರುಳ್ಳಿಯಿಂದ ಡಿಎನ್‌ಎ ಎಳೆಯನ್ನು ಗಾಜಿನ ಕಡ್ಡಿಗೆ ಸುತ್ತಿ ಎತ್ತಿದ ದಿನ ನನಗೆ ನೆನಪಾಯಿತು. ಅಲ್ಲಿ ತುಂಬಾ ಹೊತ್ತು ನಿಂತಿದ್ದೆ.

ಇಷ್ಟೆಲ್ಲ ಕಂಡರೂ ನಾನು ಪಡಸಾಲೆಯಲ್ಲೇ ಇದ್ದೆ. ನಮ್ಮ ಕೋರ್ಸು ಪೂರ್ತಿ ಇಂಗ್ಲಿಷಿನಲ್ಲಿತ್ತು. ಪ್ರಯೋಗಾಲಯದಲ್ಲೂ ಇಂಗ್ಲಿಷ್ ನಡೆಯುತ್ತಿತ್ತು. ಹೋಗುವ ಮೊದಲು ಹಲವರು ಹೇಳಿದ್ದರು, ‘ಜರ್ಮನ್ ಯಾಕೆ, ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ’ ಎಂದು. ಬರುತ್ತದೆ, ನಿಜ. ಆದರೆ ಮಧ್ಯಾಹ್ನ ಊಟದ ಮೇಜಿನಲ್ಲಿ ಏನಾಗುತ್ತಿತ್ತು ಕೇಳಿ. ಐದಾರು ಜನ ಜರ್ಮನ್ನಿನಲ್ಲಿ ಜೋರಾಗಿ ಮಾತನಾಡುತ್ತ, ನಗುತ್ತ, ಒಬ್ಬರ ಮಾತನ್ನು ಇನ್ನೊಬ್ಬರು ಕಸಿದುಕೊಳ್ಳುತ್ತ ಇರುತ್ತಿದ್ದರು. ನಾನು ತಟ್ಟೆ ಹಿಡಿದು ಬಂದು ಕುಳಿತ ತಕ್ಷಣ ಎಲ್ಲರೂ ಇಂಗ್ಲಿಷಿಗೆ ತಿರುಗುತ್ತಿದ್ದರು. ಅದು ಅವರ ಸಜ್ಜನಿಕೆ, ನನ್ನನ್ನು ಹೊರಗಿಡಬಾರದೆಂಬ ಕಾಳಜಿ. ಆದರೆ ತಿರುಗಿದ ಕೂಡಲೇ ಮಾತು ತೆಳ್ಳಗಾಗುತ್ತಿತ್ತು. ವಾರಾಂತ್ಯಕ್ಕೆ ಏನು, ಹವೆ ಹೇಗಿದೆ, ಪ್ರಯೋಗ ಎಲ್ಲಿಗೆ ಬಂತು, ಅಷ್ಟೇ. ಕಾಯಿಪಲ್ಯದ ಸಂತೆಯಲ್ಲಿ ಎಲ್ಲರೂ ಕೂಗುತ್ತಿದ್ದಾಗ ಸಾಹೇಬರು ಬಂದರೆಂದು ಸುಮ್ಮನಾದಂತೆ. ಆ ಸಾಹೇಬರ ಜಾಗದಲ್ಲಿ ನಾನಿದ್ದೆ, ನನಗೆ ಅದು ಬೇಡವಾಗಿತ್ತು.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಮನೆಗೂ ನನಗೂ ಇದ್ದ ಮೂರೂವರೆ ಗಂಟೆಯ ಅಂತರ ಒಂದೇ ರಾತ್ರಿಯಲ್ಲಿ ನಾಲ್ಕೂವರೆ ಆಯಿತು. ನಾನು ಕೋಣೆಗೆ ಮರಳಿ ಫೋನು ಮಾಡುವ ಹೊತ್ತಿಗೆ ಅವ್ವ ನಿದ್ದೆಗಣ್ಣಿನಲ್ಲಿರುತ್ತಿದ್ದಳು. ನವೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬೀದಿಯಲ್ಲಿ ಸದ್ದಿಲ್ಲ. ಎರಡು ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಇಂದು ಅಪ್ಪ ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಹೋಗಿ ಅಂಥ ದಿನಗಳಿಗೆ ಸಿಕ್ಕಿದರೆ ದಯವಿಟ್ಟು ಬಾಯಿಬಿಟ್ಟು ಹೇಳಿ. ಗೆಳೆಯರಿಗೆ ಹೇಳಿ, ವಿಶ್ವವಿದ್ಯಾಲಯದ ಆಪ್ತಸಮಾಲೋಚಕರಿಗೆ ಹೇಳಿ, ಮನೆಗೆ ಹೇಳಿ. ನಾನು ಹೇಳದೆ ಉಳಿದದ್ದು ತಪ್ಪು.

ಆ ದಿನಗಳಲ್ಲೇ ನನ್ನ ಬಾಗಿಲ ಹಿಡಿಕೆಗೆ ಯಾರೋ ಒಂದು ಹಲಗೆ ನೇತುಹಾಕಿದರು. ಅಂಗೈ ಅಗಲದ ಮರದ ಹಲಗೆ, ಹಸಿರು ದಾರ, ಮೇಲೆ ಒಂದು ಪದ: ‘ಕೇರ್‌ವೋಖೆ’. ಪಕ್ಕದಲ್ಲಿ ಪೊರಕೆಯ ಚಿತ್ರ. ಜಾಹೀರಾತೋ ಏನೋ ಎಂದು ಒಳಗೆ ತಂದು ಮೇಜಿನ ಮೇಲೆ ಇಟ್ಟುಬಿಟ್ಟೆ. ಎಂಟು ದಿನ ಕಳೆದ ಮೇಲೆ ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದವರು, ಒಂಟಿಯಾಗಿ ಇರುವವರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ಮೆಟ್ಟಿಲ ಮೇಲಿನ ಧೂಳು ತೋರಿಸಿದರು, ಪೊರಕೆ ತೋರಿಸಿದರು, ನೀರಿನ ಬಕೆಟ್ ತೋರಿಸಿದರು. ಕೇರ್‌ವೋಖೆ ಎಂದರೆ ಗುಡಿಸುವ ವಾರ. ಟ್ಯೂಬಿಂಗನ್ ಇರುವ ಸೀಮೆಗೆ ಶ್ವಾಬಿಯಾ ಎನ್ನುತ್ತಾರೆ. ಅಲ್ಲಿಯ ಹಳೆಯ ಪದ್ಧತಿ ಇದು. ಒಂದು ಕಟ್ಟಡದಲ್ಲಿ ಇರುವ ಮನೆಯವರು ಸರದಿಯ ಮೇಲೆ ಮೆಟ್ಟಿಲು, ಪ್ರವೇಶದ್ವಾರ, ಮುಂದಿನ ಕಾಲುದಾರಿ ಎಲ್ಲವನ್ನೂ ಗುಡಿಸಿ ಒರೆಸಬೇಕು. ವಾರ ಮುಗಿದ ಮೇಲೆ ಹಲಗೆಯನ್ನು ಮುಂದಿನವರ ಬಾಗಿಲಿಗೆ ಹಾಕಬೇಕು. ನಾನು ಹಲಗೆಯನ್ನು ಒಳಗಿಟ್ಟುಕೊಂಡಿದ್ದರಿಂದ ಇಡೀ ಕಟ್ಟಡದ ಸರದಿ ನಿಂತುಹೋಗಿತ್ತು.

ಬೆಳಗಾಗೆದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವುದನ್ನು ನೋಡುತ್ತ ಬೆಳೆದವಳು ನಾನು. ಮನೆಮುಂದೆ ಕಸ ಬಿಟ್ಟವಳು ಎನ್ನಿಸಿಕೊಂಡೆನಲ್ಲ ಎಂಬ ಸಂಕಟವಾಯಿತು. ಅಂದೇ ಸಂಜೆ ಮೂರು ಅಂತಸ್ತಿನ ಮೆಟ್ಟಿಲುಗಳನ್ನೂ ತೊಳೆದು ಒರೆಸಿದೆ. ಹೊರಗಿನ ಕಾಲುದಾರಿಯ ಎಲೆಗಳನ್ನು ಗುಡಿಸುವಾಗ ಅಜ್ಜಿ ಕಿಟಕಿಯಿಂದ ನೋಡುತ್ತಿದ್ದರು, ಆಮೇಲೆ ಕೆಳಗೆ ಇಳಿದು ಬಂದರು. ನನ್ನ ಕೈ ನಡುಗುತ್ತಿತ್ತು. ಏನಾಯಿತೆಂದು ಕೇಳಿದಂತಾಯಿತು. ಮೊಬೈಲಿನ ಪಾಠಗಳಲ್ಲಿ ಕಲಿತದ್ದನ್ನು ಕೂಡಿಸಿ ‘ಇಶ್ ಬಿನ್ ಕಾಲ್ಟ್’ ಎಂದೆ. ‘ಐ ಆ್ಯಮ್ ಕೋಲ್ಡ್’ ಎಂಬ ಇಂಗ್ಲಿಷನ್ನು ಪದಕ್ಕೆ ಪದ ಹಾಕಿದ್ದೆ. ಅಜ್ಜಿ ತಲೆ ಅಲ್ಲಾಡಿಸಿದರು. ನನ್ನ ಎರಡೂ ಕೈಗಳನ್ನು ತಮ್ಮ ಕೈಗಳಲ್ಲಿ ಹಿಡಿದು, ಮಗುವಿಗೆ ಹೇಳಿಕೊಡುವಂತೆ ನಿಧಾನವಾಗಿ ಹೇಳಿದರು: ‘ಮೀರ್ ಇಸ್ಟ್ ಕಾಲ್ಟ್.’

ಕೋಣೆಗೆ ಬಂದು ಆ ವಾಕ್ಯವನ್ನು ಬಿಡಿಸಿ ನೋಡಿದೆ. ಇಶ್ ಎಂದರೆ ನಾನು. ಮೀರ್ ಎಂದರೆ ನನಗೆ. ನನಗೆ ಚಳಿ! ‘ನಾನು ಚಳಿ’ ಎಂದು ಕನ್ನಡದ ಯಾವ ಕೂಸೂ ಹೇಳುವುದಿಲ್ಲ. ಅಜ್ಜಿ ತಿದ್ದಿದ್ದು ನನ್ನ ಜರ್ಮನ್ನನ್ನು. ಆದರೆ ಅದು ಕೆಟ್ಟದ್ದು ನಡುವೆ ಇಂಗ್ಲಿಷ್ ಬಂದು ಕುಳಿತದ್ದರಿಂದ. ಕನ್ನಡದಿಂದ ನೇರವಾಗಿ ಹೋಗಿದ್ದರೆ ತಪ್ಪುತ್ತಲೇ ಇರಲಿಲ್ಲ. ಆ ರಾತ್ರಿ ಹೊತ್ತು ಮೀರಿದ್ದರೂ ಅಪ್ಪನಿಗೆ ಫೋನು ಮಾಡಿದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಚತುರ್ಥಿ ವಿಭಕ್ತಿ. ಗೆ, ಕೆ, ಇಗೆ. ಅವರಿಗೂ ಇದೆ ಎಂದಾಯಿತು’ ಎಂದರು. ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಪರೀಕ್ಷೆಯಲ್ಲಿ ಪಾಸಾದಾಗಲೂ ಕೇಳಿರಲಿಲ್ಲ. ಅಂದಿನಿಂದ ವಾರಕ್ಕೊಮ್ಮೆ ನಮ್ಮ ವ್ಯಾಕರಣದ ಪಾಠ ನಡೆಯಿತು. ಜರ್ಮನ್ನಿನ ನಾಲ್ಕು ವಿಭಕ್ತಿಗಳನ್ನು ನಾನು ಹೇಳುವುದು, ನಮ್ಮ ಏಳರಲ್ಲಿ ಅವು ಎಲ್ಲಿ ಕೂರುತ್ತವೆ ಎಂದು ಅಪ್ಪ ಹೇಳುವುದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಅದನ್ನು ಕೊರತೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡವರು. ನಾನೂ ಹಾಗೆಯೇ ಇಟ್ಟುಕೊಂಡಿದ್ದೆ. ಜರ್ಮನ್ ತರಗತಿಯಲ್ಲಿ ಹಿರಿಯರಿಗೆ ‘ಜೀ’, ಆಪ್ತರಿಗೆ ‘ದು’ ಎಂದು ಹೇಳಿಕೊಟ್ಟಾಗ ಕೆಲವು ದೇಶಗಳ ವಿದ್ಯಾರ್ಥಿಗಳು ತಡವರಿಸಿದರು, ಯಾರಿಗೆ ಯಾವುದು ಎಂದು ಪಟ್ಟಿ ಬರೆದುಕೊಂಡರು. ನನಗೆ ಪಟ್ಟಿ ಬೇಕಾಗಲಿಲ್ಲ. ನೀವು, ನೀನು. ಅಂಗಡಿಯವರಿಗೆ ನೀವು, ಗೆಳತಿಗೆ ನೀನು, ದೇವರಿಗೆ ನೀನು. ಅವರಲ್ಲೂ ದೇವರಿಗೆ ‘ದು’ ಎಂದೇ ಹೇಳುತ್ತಾರೆ. ಇನ್ನು ಎಲ್ಲರೂ ಹೆದರುವ ಸಂಗತಿ, ಕೆಲವು ವಾಕ್ಯಗಳಲ್ಲಿ ಕ್ರಿಯಾಪದ ಕಡೆಗೆ ಹೋಗುವುದು. ‘ದಾಸ್ ಇಶ್ ಮೋರ್ಗನ್ ಕೊಮ್ಮೆ’ ಎನ್ನುವಲ್ಲಿ ‘ದಾಸ್’ ಎಂಬುದು ನಮ್ಮ ‘ಎಂದು’. ಉಳಿದದ್ದನ್ನು ಪದಕ್ಕೆ ಪದ ಇಡಿ: ಇಶ್, ನಾನು. ಮೋರ್ಗನ್, ನಾಳೆ. ಕೊಮ್ಮೆ, ಬರುತ್ತೇನೆ. ನಾನು ನಾಳೆ ಬರುತ್ತೇನೆ! ಹುಟ್ಟಿದಾಗಿನಿಂದ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುತ್ತ ಬಂದವರು ನಾವು. ಎಲ್ಲವೂ ಹೀಗೆ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಅವರಿಗೆ ಮೇಜು ಗಂಡು, ಬಾಗಿಲು ಹೆಣ್ಣು, ಹುಡುಗಿ ಎಂಬ ಪದ ನಪುಂಸಕ. ಇವನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ, ಇಂದಿಗೂ ತಪ್ಪುತ್ತೇನೆ. ಆದರೆ ನನ್ನ ಬಳಿ ಒಂದು ಕೀಲಿಕೈ ಇದೆ ಎಂದು ಗೊತ್ತಾದ ಮೇಲೆ ಕಲಿಯುವ ಹುರುಪೇ ಬೇರೆಯಾಯಿತು.

ಇನ್ನೊಂದು ಮಾತು ಧಾರವಾಡದವರಿಗಾಗಿಯೇ. ತರಗತಿಯಲ್ಲಿ ಕಲಿತ ಜರ್ಮನ್ನಿಗೂ ಅಜ್ಜಿಯ ಮಾತಿಗೂ ಬಹಳ ಅಂತರವಿತ್ತು. ಅವರದು ಶ್ವಾಬಿಷ್. ಮುದ್ದಿನ ಪದಗಳಿಗೆಲ್ಲ ಕೊನೆಗೆ ‘ಲೆ’ ಅಂಟಿಸುತ್ತಾರೆ, ದನಿಯನ್ನು ಎಳೆಯುತ್ತಾರೆ. ಆ ರಾಜ್ಯದವರೇ ತಮ್ಮ ಪ್ರಚಾರಕ್ಕೆ ಇಟ್ಟುಕೊಂಡಿದ್ದ ಘೋಷವಾಕ್ಯ ‘ನಮಗೆ ಎಲ್ಲವೂ ಬರುತ್ತದೆ, ಶುದ್ಧ ಜರ್ಮನ್ ಒಂದನ್ನು ಬಿಟ್ಟು’ ಎಂದು. ಬೆಂಗಳೂರಿನಲ್ಲಿ ನಮ್ಮ ಮಾತು ಕೇಳಿ ಜನ ತಿರುಗಿ ನೋಡುವುದನ್ನು ಬಲ್ಲ ನನಗೆ ಆ ಸೀಮೆಯವರ ಮೇಲೆ ಮನಸ್ಸು ಕೂತದ್ದು ಆಗ.

ಈ ಕಾಲೇಜಿನಲ್ಲಿ ನಿಂತು ಟ್ಯೂಬಿಂಗನ್ ಎಂದ ಮೇಲೆ ಕಿಟ್ಟೆಲ್ ಅವರನ್ನು ನೆನೆಯದೆ ಇರಲಾಗುವುದಿಲ್ಲ. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಬಾಸೆಲ್ ಮಿಶನ್ ಕಡೆಯಿಂದ ನಮ್ಮ ನಾಡಿಗೆ ಬಂದರು. ಮಂಗಳೂರು, ಮಡಿಕೇರಿ, ಧಾರವಾಡದಲ್ಲಿ ಇದ್ದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳಿವೆ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು 1903ರಲ್ಲಿ ತೀರಿಕೊಂಡದ್ದೂ ಆ ಊರಿನಲ್ಲೇ. ಅವರಿಗಿಂತ ಮೊದಲು ಬಂದ ಹರ್ಮನ್ ಮೋಗ್ಲಿಂಗ್ ಅಲ್ಲಿಯೇ ದೇವತಾಶಾಸ್ತ್ರ ಓದಿದವರು. ನದಿಯ ಅಂಚಿನಲ್ಲಿ ಹಳದಿ ಗೋಪುರವೊಂದಿದೆ. ಅಲ್ಲಿ ಹೋಲ್ಡರ್ಲಿನ್ ಎಂಬ ದೊಡ್ಡ ಕವಿ ಮನಸ್ಸಿನ ಕಾಯಿಲೆಯಲ್ಲಿ ಬಡಗಿಯೊಬ್ಬನ ಮನೆಯವರ ಆರೈಕೆಯಲ್ಲಿ ಮೂವತ್ತಾರು ವರ್ಷ ಕಳೆದ. ಮೋಗ್ಲಿಂಗ್ ವಿದ್ಯಾರ್ಥಿಯಾಗಿದ್ದಾಗ ಆ ಕವಿ ಆ ಗೋಪುರದಲ್ಲೇ ಇದ್ದ. ಅವನು ಸತ್ತದ್ದು 1843ರ ಜೂನ್ 7ರಂದು. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಆ ಗೋಪುರದ ಕಿಟಕಿಯಿಂದ ನೆಕ್ಕರ್ ನೋಡುವಾಗಲೆಲ್ಲ ಈ ಎರಡು ದಿನಾಂಕಗಳು ನನ್ನ ತಲೆಯಲ್ಲಿ ಸುತ್ತುತ್ತಿದ್ದವು.

ಎರಡನೆಯ ವರ್ಷ ಗ್ರಂಥಾಲಯದಲ್ಲಿ ಕಿಟ್ಟೆಲ್ ನಿಘಂಟನ್ನು ತರಿಸಿಕೊಂಡು ಓದುವ ಕೋಣೆಯಲ್ಲಿ ತೆರೆದೆ. ಕೈಗೆ ಭಾರವಾಗುವ ಪುಸ್ತಕ. ಪದದ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ರೂಪಗಳು, ನಡುನಡುವೆ ನಮ್ಮ ಜನರ ಬಾಯಿಂದ ಕೇಳಿ ಬರೆದುಕೊಂಡ ಗಾದೆಗಳು. ಅರ್ಥವನ್ನೆಲ್ಲ ಇಂಗ್ಲಿಷಿನಲ್ಲಿ ಕೊಟ್ಟಿದ್ದಾರೆ. ಯೋಚಿಸಿ, ಅವರ ತಾಯ್ನುಡಿ ಜರ್ಮನ್. ಕನ್ನಡವೂ ಅವರದಲ್ಲ, ಇಂಗ್ಲಿಷೂ ಅವರದಲ್ಲ. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಟ್ಟು ಹೇಳಬೇಕಾಗಿಲ್ಲ. ಆದರೆ ಗಾದೆ ಎಂಬುದು ಪಡಸಾಲೆಯಲ್ಲಿ ಸಿಗುವ ಮಾತಲ್ಲ. ಅಷ್ಟು ಗಾದೆ ಅವರಿಗೆ ಸಿಕ್ಕಿದ್ದರೆ ನಮ್ಮ ಎಷ್ಟು ಮನೆಗಳ ಒಳಗೆ ಹೋಗಿ ಕುಳಿತಿರಬೇಕು, ಎಷ್ಟು ಅಜ್ಜಿಯರು ಅವರ ತಪ್ಪು ತಿದ್ದಿರಬೇಕು! ಅಂದು ಆ ಪುಟಗಳ ಮುಂದೆ ನನಗೆ ಕಣ್ಣು ಒದ್ದೆಯಾಯಿತು. ಟ್ಯೂಬಿಂಗನ್ನಿನಲ್ಲಿ ನಾನು ಕೇಳಿದ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ, ಕೆಳಮನೆಯ ಅಜ್ಜಿಗೂ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು.

ಅವರು ಹುಟ್ಟಿದ ಊರನ್ನು ನೋಡಬೇಕು ಎನ್ನಿಸಿತು. ರೆಸ್ಟರ್‌ಹಾಫೆ, ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸಿಯಾದ ಹಳ್ಳಿ. ನಾನಿದ್ದದ್ದು ದಕ್ಷಿಣದ ಅಂಚು, ಅದು ಉತ್ತರದ ತುದಿ. 2023ರ ಮೇ ತಿಂಗಳಿನಿಂದ ಜರ್ಮನಿಯಲ್ಲಿ ಆಗಿನ ದರದಲ್ಲಿ ತಿಂಗಳಿಗೆ 49 ಯೂರೋ ಕೊಟ್ಟರೆ ದೇಶದ ಎಲ್ಲ ಪ್ರಾದೇಶಿಕ ರೈಲು, ಬಸ್ಸುಗಳಲ್ಲಿ ಓಡಾಡುವ ಟಿಕೆಟ್ ಬಂತು. ವೇಗದ ರೈಲುಗಳಿಗೆ ಅದು ನಡೆಯುವುದಿಲ್ಲ. ಅದರಿಂದ ಒಳ್ಳೆಯದೇ ಆಯಿತು. ಸಣ್ಣ ನಿಲ್ದಾಣಗಳಲ್ಲೆಲ್ಲ ನಿಲ್ಲುವ ಏಳು ರೈಲು ಬದಲಿಸಿ, ಬ್ರೆಮೆನ್‌ನಲ್ಲಿ ಒಂದು ರಾತ್ರಿ ತಂಗಿ, ಕೊನೆಗೆ ಬಸ್ಸು ಹಿಡಿದು ಹೋದೆ. ಶ್ವಾಬಿಯಾದ ಗುಡ್ಡಗಳು ಕರಗುತ್ತ ಹೋಗಿ ನೆಲ ರೊಟ್ಟಿಯ ಹಂಚಿನಂತೆ ಚಪ್ಪಟೆಯಾಯಿತು. ಹಸು, ಕಾಲುವೆ, ಗಾಳಿಯಂತ್ರ, ಅಷ್ಟಗಲ ಆಕಾಶ. ಆ ಕರಾವಳಿಯ ಹಳೆಯ ಚರ್ಚುಗಳನ್ನು ಕಡಲು ಉಕ್ಕಿ ಬಂದರೂ ಮುಳುಗದಂತೆ ಮಣ್ಣಿನ ದಿಬ್ಬಗಳ ಮೇಲೆ ಕಟ್ಟುತ್ತಿದ್ದರು. ಗ್ರೂಸ್ ಗಾಟ್ ಎನ್ನುವ ದಕ್ಷಿಣದ ನಮಸ್ಕಾರ ಅಲ್ಲಿ ಇಲ್ಲ. ಬೆಳಗಿರಲಿ ರಾತ್ರಿಯಿರಲಿ ‘ಮೊಯಿನ್’ ಎನ್ನುತ್ತಾರೆ.

ಅಲ್ಲಿ ಕುಡಿದ ಚಹಾದ ಬಗ್ಗೆ ಹೇಳಲೇಬೇಕು. ಪೂರ್ವ ಫ್ರೀಸಿಯಾದವರು ನಮ್ಮಂತೆ ಚಹಾದ ಜನ. ತೆಳುವಾದ ಪಿಂಗಾಣಿ ಬಟ್ಟಲಿನ ತಳಕ್ಕೆ ದೊಡ್ಡ ಹರಳಿನ ಕಲ್ಲುಸಕ್ಕರೆ ಹಾಕುತ್ತಾರೆ. ಅದರ ಮೇಲೆ ಅಸ್ಸಾಮಿನ ಎಲೆ ಬೆರೆಸಿದ ಕಡು ಚಹಾ ಸುರಿದಾಗ ಹರಳು ಚಟಚಟ ಎಂದು ಬಿರಿಯುತ್ತದೆ. ಆ ಸದ್ದು ಕೇಳಲೆಂದು ಎಲ್ಲರೂ ಮಾತು ನಿಲ್ಲಿಸುತ್ತಾರೆ. ಆಮೇಲೆ ಬಟ್ಟಲಿನ ಅಂಚಿಗೆ ಒಂದು ಚಮಚ ಕೆನೆ ಬಿಡುತ್ತಾರೆ, ಅದು ಕೆಳಗೆ ಹೋಗಿ ಮೋಡದ ಹಾಗೆ ಮೇಲೆದ್ದು ಬರುತ್ತದೆ. ಕದಡಬಾರದು. ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ಮೂರು ಬಟ್ಟಲು ಕುಡಿಯುವುದು ಮರ್ಯಾದೆ. ಸಾಕೆಂದರೆ ಬಟ್ಟಲಿನಲ್ಲಿ ಚಮಚ ಇಡಬೇಕು. ಚಹಾದಂಗಡಿಯ ಹೆಂಗಸು ನಾನು ಯಾಕೆ ಬಂದೆನೆಂದು ಕೇಳಿದರು. ನನ್ನ ಭಾಷೆಯ ದೊಡ್ಡ ನಿಘಂಟನ್ನು ನಿಮ್ಮೂರ ಕಡೆಯವರು ಬರೆದರು ಎಂದು ಜರ್ಮನ್ನಿನಲ್ಲೇ ಹೇಳಿದೆ, ಎಲ್ಲ ಕ್ರಿಯಾಪದಗಳನ್ನೂ ಅವುಗಳ ಜಾಗದಲ್ಲಿಟ್ಟು. ಅವರು ನಾಲ್ಕನೆಯ ಬಟ್ಟಲು ತಾವಾಗಿಯೇ ತುಂಬಿದರು.

ಕೊನೆಯದಾಗಿ ಮತ್ತೆ ಅಜ್ಜಿಯ ವಿಷಯ. ಅಷ್ಟರಲ್ಲಿ ನನ್ನ ಜರ್ಮನ್ ಊಟದ ಮೇಜಿಗೆ ಸಾಕಾಗುವಷ್ಟು ಬೆಳೆದಿತ್ತು. ನಾನು ಬಂದು ಕುಳಿತರೂ ಯಾರೂ ಇಂಗ್ಲಿಷಿಗೆ ತಿರುಗುತ್ತಿರಲಿಲ್ಲ, ಅರ್ಧ ಅರ್ಥವಾಗದಿದ್ದರೂ ನನಗೆ ಅದೇ ಹಿತವಾಗಿತ್ತು. ಊರಿಗೆ ಹೊರಡಲು ಹತ್ತು ದಿನ ಇರುವಾಗ ಅಜ್ಜಿ ಊಟಕ್ಕೆ ಕರೆದರು. ಎರಡು ವರ್ಷದಲ್ಲಿ ಅವರ ಹೊಸಿಲು, ಮುಂದಿನ ಕೋಣೆ ನೋಡಿದ್ದೆ. ಅಂದು ನೇರವಾಗಿ ಅಡುಗೆಮನೆಗೆ ಕರೆದೊಯ್ದು ನನ್ನ ಕೈಗೆ ಮರದ ಮಣೆ ಕೊಟ್ಟರು. ಹಿಟ್ಟು, ಮೊಟ್ಟೆ, ಉಪ್ಪು, ನೀರು ಕಲಸಿ ಬಡಿದ ಜಿಗುಟು ಹಿಟ್ಟನ್ನು ಆ ಮಣೆಯ ಮೇಲೆ ತೆಳ್ಳಗೆ ಸವರಿ, ಚಾಕುವಿನಿಂದ ಎಳೆ ಎಳೆಯಾಗಿ ಕುದಿಯುವ ನೀರಿಗೆ ಕೆರೆದು ಬಿಡಬೇಕು. ಅದು ಷ್ಪೆಟ್ಸ್ಲೆ. ನನ್ನ ಎಳೆಗಳು ದಪ್ಪ ಬಂದವು, ಅವರವು ಶಾವಿಗೆಯಂತೆ ಬಂದವು. ಅದರ ಜೊತೆಗೆ ಹುಳಿ ಹಾಕಿ ಬೇಯಿಸಿದ ಮಸೂರ, ಹತ್ತಿರದ ಬೆಟ್ಟಸೀಮೆಯಲ್ಲಿ ಬೆಳೆದದ್ದು. ಆ ಸೀಮೆಯ ಹಳೆಯ ಮಸೂರದ ತಳಿ ಒಂದು ಕಾಲದಲ್ಲಿ ಅಲ್ಲಿ ಪೂರ್ತಿ ಅಳಿದುಹೋಗಿತ್ತು. 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜ ಸಂಗ್ರಹದಲ್ಲಿ ಅದು ಸಿಕ್ಕಿ, ಹಿಡಿಯಷ್ಟು ಕಾಳನ್ನು ತಂದು ಮತ್ತೆ ಬೆಳೆಸಿದರು. ಅಜ್ಜಿ ಅದನ್ನು ಹೇಳುವಾಗ ಕಾಳನ್ನು ಅಂಗೈಯಲ್ಲಿ ಹರಡಿ ತೋರಿಸಿದರು.

ಒಲೆ ಆರಿಸಿದ ಮೇಲೆ ಅವರು ಕೈ ಒರೆಸಿಕೊಂಡು ನನ್ನ ಎದುರು ನಿಂತು, ಇನ್ನು ಮುಂದೆ ನಾವು ‘ದು’ ಎಂದು ಕರೆದುಕೊಳ್ಳೋಣ ಎಂದರು. ಅಲ್ಲಿ ಈ ಮಾತನ್ನು ಹಿರಿಯರೇ ಮೊದಲು ಎತ್ತಬೇಕು, ಕಿರಿಯರು ಎತ್ತಬಾರದು. ಎಪ್ಪತ್ತು ದಾಟಿದವರಿಗೆ ನೀನು ಎನ್ನುವುದು ಹೇಗೆಂದು ಒಂದು ಗಳಿಗೆ ನನ್ನ ನಾಲಿಗೆ ಏಳಲಿಲ್ಲ. ಆಮೇಲೆ ನೆನಪಾಯಿತು, ನಮ್ಮ ಅವ್ವನಿಗೂ ಅಜ್ಜಿಗೂ ನಾನು ನೀನು ಎಂದೇ ಅನ್ನುವುದು.

ಬೇಯಿಸಿದ ಹಬೆ ಹೋಗಲೆಂದು ಕಿಟಕಿ ತೆರೆದಿದ್ದರು, ಗಾಳಿ ಒಳಗೆ ಬರುತ್ತಿತ್ತು. ಅಜ್ಜಿ ತೋಳು ಉಜ್ಜಿಕೊಂಡದ್ದನ್ನು ನೋಡಿದೆ. ‘ಇಸ್ಟ್ ದೀರ್ ಕಾಲ್ಟ್?’ ಎಂದು ಕೇಳಿದೆ. ನಿನಗೆ ಚಳಿಯೇ? ಹೌದೆಂದು ತಲೆಯಾಡಿಸಿದರು. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದೆ, ಇಬ್ಬರೂ ಉಣ್ಣಲು ಕುಳಿತೆವು.